ಒಂಚೂರು ಸರಿದು ಕೂತರೆ ಶಾಲೆ ಬದಲಾಗುತ್ತದಾ?

ಏಳನೇ ತರಗತಿ ಮುಗಿಸಿದ ಹಳ್ಳಿ ಮಕ್ಕಳಿಗೆ ಜೂನ್ ಬಂತೆಂದರೆ ಹೊಸ ಶಾಲೆ. ಊರಿನ ಹಿರಿಯ ಪ್ರಾಥಮಿಕ ಶಾಲೆ ಹೆಚ್ಚಿನ ಕಡೆ ಏಳಕ್ಕೇ ಮುಗಿಯುತ್ತದೆ. ಎಂಟಕ್ಕೆ ಪಕ್ಕದೂರಿನ ಹೈಸ್ಕೂಲಿಗೆ ಹೋಗಬೇಕು. ಸುತ್ತಲಿನ ನಾಲ್ಕೈದು ಊರಿನ ಮಕ್ಕಳು ಒಂದೇ ಕ್ಲಾಸಿಗೆ ಬಂದು ಸೇರುತ್ತಾರೆ. ದೊಡ್ಡ ಊರಿಂದ ಹದಿನೈದು ಜನ ಬಂದಿದ್ದರೆ ಅವರದ್ದೇ ಒಂದು ಗುಂಪು. ಸಣ್ಣ ಹಳ್ಳಿಯಿಂದ ಒಬ್ಬನೇ ಬಂದಿದ್ದರೆ ಅವನ ಪಾಡು ಅವನಿಗೆ. ಪೇಟೆಯಲ್ಲೂ ಅಷ್ಟೆ. ಅಪ್ಪನಿಗೆ ವರ್ಗವಾಗುತ್ತದೆ, ಸೆಕ್ಷನ್ ಬದಲಾಗುತ್ತದೆ, ಮಗು ಗುರುತಿಲ್ಲದ ಮುಖಗಳ ನಡುವೆ ಹೋಗಿ ನಿಲ್ಲುತ್ತದೆ.

ಇಂಥ ಮಗುವಿಗೆ ಶಾಲೆ ತನ್ನದು ಅನ್ನಿಸುವುದು ಹೇಗೆ? ಮಕ್ಕಳು ಒಳ್ಳೆಯವರಾಗಿದ್ದರೆ ಶಾಲೆ ತಾನಾಗಿ ಒಳ್ಳೆಯದಾಗುತ್ತದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಇದರ ಬಗ್ಗೆ ಅಧ್ಯಯನ ಮಾಡಿದವರು ಕಂಡದ್ದು ಸ್ವಲ್ಪ ಬೇರೆ. ಶಾಲೆಯಲ್ಲಿ ಒಳ್ಳೆಯತನ ಅನ್ನುವುದು ಒಬ್ಬೊಬ್ಬ ಮಗುವಿನ ಸ್ವಭಾವಕ್ಕಿಂತ ಜಾಸ್ತಿ ಇಡೀ ಕ್ಲಾಸಿನ ರೂಢಿ. ರೂಢಿ ಹೇಗೆ ಹುಟ್ಟುತ್ತದೆ ಅಂತ ಗೊತ್ತಾದರೆ ಅದನ್ನು ಬೆಳೆಸಲೂಬಹುದು.

ಸಣ್ಣ ಒಳ್ಳೆಯ ಕೆಲಸ ಅಂದರೆ ಎಷ್ಟು ಸಣ್ಣದು?

ಬಿಸಿಯೂಟದ ಬೆಲ್ ಹೊಡೆದಿದೆ ಅಂದುಕೊಳ್ಳಿ. ಮಕ್ಕಳು ತಟ್ಟೆ ತೊಳೆದುಕೊಂಡು ಸಾಲಾಗಿ ನಿಂತಿದ್ದಾರೆ. ಅನ್ನ ಸಾಂಬಾರು ಹಾಕಿಸಿಕೊಂಡವರು ವರಾಂಡದಲ್ಲಿ ಎದುರುಬದುರು ಎರಡು ಸಾಲಾಗಿ ಕೂತಿದ್ದಾರೆ. ಹೊಸ ಹುಡುಗಿಯೊಬ್ಬಳು ತಟ್ಟೆ ಹಿಡಿದು ನಿಂತಿದ್ದಾಳೆ. ಸಾಂಬಾರು ಬಿಸಿಯಾಗಿದೆ, ಸ್ಟೀಲ್ ತಟ್ಟೆಯ ತಳ ಕೈ ಸುಡುತ್ತಿದೆ. ಸಾಲಿನಲ್ಲಿ ಅಲ್ಲಲ್ಲಿ ಜಾಗ ಇದೆ, ಆದರೆ ಎಲ್ಲವೂ ಯಾರಿಗೋ ಹಿಡಿದಿಟ್ಟ ಹಾಗಿದೆ. ಇನ್ನೇನು ಕಂಬದ ಆಚೆ ಹೋಗಿ ಒಬ್ಬಳೇ ಕೂರಬೇಕು, ಅಷ್ಟರಲ್ಲಿ ಸಾಲಿನಲ್ಲಿದ್ದ ಒಬ್ಬಳು ತನ್ನ ನೀರಿನ ಬಾಟಲಿ ಎತ್ತಿ ಆಚೆ ಇಡುತ್ತಾಳೆ. "ಬಾರೇ, ಇಲ್ಲಿ ಕೂತ್ಕೋ" ಅಂತ ಒಂಚೂರು ಸರಿಯುತ್ತಾಳೆ.

ಇಷ್ಟೇ. ಇದಕ್ಕೆ ಹಣ ಬೇಕಿಲ್ಲ, ಭಾಷಣ ಬೇಕಿಲ್ಲ, ಮೂರ್ನಾಲ್ಕು ಸೆಕೆಂಡು ಸಾಕು. ಈ ಲೇಖನದಲ್ಲಿ ಸಣ್ಣ ಒಳ್ಳೆಯ ಕೆಲಸ ಅನ್ನುವುದು ಇಂಥದ್ದಕ್ಕೇ. ಎರಡು ದಿನ ರಜೆ ಹಾಕಿದವನಿಗೆ ನೋಟ್ಸ್ ಕೊಡುವುದು. ಪಾಠ ಓದುವಾಗ ತಡವರಿಸಿದವಳನ್ನು ನೋಡಿ ನಗದೇ ಇರುವುದು. ಅಡ್ಡಹೆಸರು ಬಿಟ್ಟು ನಿಜವಾದ ಹೆಸರಿಂದ ಕರೆಯುವುದು. ಕೆಲವು ಸಲ ಮಾಡುವುದಕ್ಕಿಂತ ಮಾಡದೇ ಇರುವುದೇ ದೊಡ್ಡದು.

ಇಂಥ ಒಂದೊಂದು ಕೆಲಸದಲ್ಲೂ ಮೂರು ಜನ ಇರುತ್ತಾರೆ: ಪಡೆದವರು, ಮಾಡಿದವರು ಮತ್ತು ನೋಡಿದವರು. ಮೂವರಿಗೂ ಆಗುವುದು ಬೇರೆ ಬೇರೆ.

ಪಡೆದವರಿಗೆ: ಹೊರಗುಳಿಯುವ ನೋವು ತಪ್ಪುತ್ತದೆ

ಊಟಕ್ಕೆ ಒಬ್ಬಳೇ ಕೂತರೆ ಏನಾಯಿತು, ಅಷ್ಟಕ್ಕೇ ಅಳಬೇಕಾ ಅಂತ ದೊಡ್ಡವರಿಗೆ ಅನ್ನಿಸಬಹುದು. ಇದನ್ನು ಪರೀಕ್ಷಿಸಲು ಮನಶ್ಶಾಸ್ತ್ರಜ್ಞ ಕಿಪ್ಲಿಂಗ್ ವಿಲಿಯಮ್ಸ್ ಮತ್ತು ಜೊತೆಯವರು ಒಂದು ಸರಳವಾದ ಕಂಪ್ಯೂಟರ್ ಆಟ ಮಾಡಿದರು. ಹೆಸರು ಸೈಬರ್‌ಬಾಲ್. ಪರದೆಯ ಮೇಲೆ ಮೂವರು ಚೆಂಡು ಎಸೆದಾಡುತ್ತಾರೆ, ಅವರಲ್ಲಿ ಒಬ್ಬರು ನೀವು. ಮೊದಲು ನಿಮಗೂ ಚೆಂಡು ಬರುತ್ತದೆ. ಆಮೇಲೆ ಉಳಿದಿಬ್ಬರು ಅವರವರೇ ಎಸೆದುಕೊಳ್ಳುತ್ತಾರೆ. ಅಷ್ಟಕ್ಕೇ ಆಡುತ್ತಿದ್ದವರ ಮನಸ್ಸು ಕುಗ್ಗಿತು, ತಾವು ಯಾರಿಗೂ ಬೇಡವಾದೆವು ಅನ್ನಿಸಿತು. ಎದುರಿಗಿರುವುದು ಮನುಷ್ಯರಲ್ಲ, ಕಂಪ್ಯೂಟರ್ ಅಂತ ಮೊದಲೇ ಹೇಳಿದ್ದರೂ ಹಾಗೇ ಆಯಿತು. 2004ರಲ್ಲಿ ಪ್ರಕಟವಾದ ಪ್ರಯೋಗ ಇದು. ಯಾವತ್ತೂ ಮುಖ ನೋಡದ ಯಂತ್ರ ಚೆಂಡು ಕೊಡದಿದ್ದರೇ ಇಷ್ಟು ನೋವಾದರೆ, ದಿನಾ ನೋಡುವ ಮೂವತ್ತು ಜನ ಮಾತಾಡಿಸದಿದ್ದರೆ ಹದಿಮೂರು ವರ್ಷದ ಹುಡುಗನಿಗೆ ಹೇಗಾಗಬೇಡ?

ಈ ನೋವು ಕಲಿಕೆಗೂ ತಟ್ಟುತ್ತದೆ. ಯಾರು ನಗುತ್ತಾರೋ, ಯಾರು ಏನಂದಾರೋ ಅಂತ ಮಗುವಿನ ಗಮನ ಅರ್ಧ ಅಲ್ಲೇ ಇರುತ್ತದೆ. ಉಳಿದರ್ಧದಲ್ಲಿ ಬೀಜಗಣಿತ ಹತ್ತಬೇಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಕೇಳುವ ಧೈರ್ಯವೂ ಬರುವುದಿಲ್ಲ. ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಬಂದವರ ಮಕ್ಕಳನ್ನು ನೋಡಿ. "ಹೌದ್ರಿ", "ಬರ್ತೀನ್ರಿ" ಅಂದ ಕೂಡಲೇ ಕ್ಲಾಸು ಗೊಳ್ಳೆಂದರೆ ಆ ಮಗು ಮತ್ತೆ ಬಾಯಿ ಬಿಡುವುದು ಯಾವಾಗ? ಅದೇ ಪಕ್ಕದಲ್ಲಿದ್ದವನು ನಗದೇ ಪ್ರಶ್ನೆಗೆ ಉತ್ತರ ಕೊಟ್ಟರೆ ಮಾತು ಮುಂದುವರಿಯುತ್ತದೆ.

ಮಾಡಿದವರಿಗೆ: ಜೊತೆಗಾರರು ಹೆಚ್ಚುತ್ತಾರೆ

ಒಳ್ಳೆಯದು ಮಾಡಿದವರಿಗೂ ಒಳ್ಳೆಯದಾಗುತ್ತದೆ ಅನ್ನುವುದು ಹಳೆಯ ಮಾತು. ಅದನ್ನು ಕೆನಡಾದ ವ್ಯಾಂಕೂವರ್‌ನಲ್ಲಿ 9ರಿಂದ 11 ವರ್ಷದ ಮಕ್ಕಳ 19 ತರಗತಿಗಳಲ್ಲಿ ಅಳೆದು ನೋಡಿದ್ದಾರೆ. 2012ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮಕ್ಕಳಿಗೆ 4 ವಾರದ ಕೆಲಸ ಕೊಟ್ಟರು. ಒಂದು ಗುಂಪು ವಾರಕ್ಕೆ 3 ಒಳ್ಳೆಯ ಕೆಲಸ ಮಾಡಬೇಕು. ಇನ್ನೊಂದು ಗುಂಪು ವಾರಕ್ಕೆ 3 ಜಾಗಗಳಿಗೆ ಹೋಗಿ ಬರಬೇಕು. ಎರಡೂ ಗುಂಪಿನ ಮಕ್ಕಳು ಮೊದಲಿಗಿಂತ ಖುಷಿಯಾದರು. ವ್ಯತ್ಯಾಸ ಕಂಡದ್ದು ಇನ್ನೊಂದು ಕಡೆ. ಯಾರ ಜೊತೆ ಕೂತು ಕೆಲಸ ಮಾಡಲು ಇಷ್ಟ ಅಂತ ಇಡೀ ಕ್ಲಾಸನ್ನು ಕೇಳಿದಾಗ, ಒಳ್ಳೆಯ ಕೆಲಸ ಮಾಡಿದ ಮಕ್ಕಳ ಹೆಸರಿಗೆ ಗುರುತು ಹಾಕಿದವರು ಹೆಚ್ಚಾಗಿದ್ದರು.

ಗಮನಿಸಬೇಕಾದದ್ದು ಒಂದಿದೆ. ಆ ಕೆಲಸಗಳೆಲ್ಲ ಕ್ಲಾಸಿನೊಳಗೇ ಆದವಲ್ಲ. ಕೆಲಸದಿಂದ ದಣಿದ ಅಮ್ಮನನ್ನು ತಬ್ಬಿಕೊಂಡಿದ್ದು, ಮನೆಯ ನೆಲ ಸ್ವಚ್ಛ ಮಾಡಿದ್ದು, ಇನ್ನೊಬ್ಬರಿಗೆ ತನ್ನ ಊಟದಲ್ಲಿ ಪಾಲು ಕೊಟ್ಟದ್ದು ಎಲ್ಲವೂ ಇದ್ದವು. ಇನ್ನೊಬ್ಬರಿಗೆ ಏನು ಬೇಕಾಗಿದೆ ಅಂತ ನೋಡುವ ಅಭ್ಯಾಸವಾದ ಮಗು ಆ ಅಭ್ಯಾಸವನ್ನು ಮನೆಯಲ್ಲೇ ಬಿಟ್ಟು ಬರುವುದಿಲ್ಲ ಅಂತ ನನಗನ್ನಿಸುತ್ತದೆ.

ನೋಡಿದವರಿಗೆ: ರೂಢಿ ಹುಟ್ಟುವುದು ಇಲ್ಲಿ

ಶಾಲೆ ಬದಲಾಗುವುದರ ಗುಟ್ಟು ಇರುವುದು ಈ ಮೂರನೆಯವರಲ್ಲಿ. ಪಡೆದವಳು ಒಬ್ಬಳು, ಮಾಡಿದವಳು ಒಬ್ಬಳು, ನೋಡಿದವರು ಮಾತ್ರ ಇಪ್ಪತ್ತು ಜನ.

ಕ್ಲಾಸಿನಲ್ಲಿ ಒಬ್ಬನನ್ನು ಎಲ್ಲರೂ ರೇಗಿಸುತ್ತಿದ್ದಾರೆ ಅಂತಿಟ್ಟುಕೊಳ್ಳಿ. ನಾಲ್ಕು ಜನ ಜೋರಾಗಿ ನಗುತ್ತಾರೆ. ಉಳಿದವರಲ್ಲಿ ಹಲವರಿಗೆ ಒಳಗೊಳಗೇ ಕಸಿವಿಸಿ. ಆದರೆ ಪ್ರತಿಯೊಬ್ಬರೂ ಅಕ್ಕಪಕ್ಕ ನೋಡಿ, "ಎಲ್ಲರಿಗೂ ಇದು ತಮಾಷೆ ಅನ್ನಿಸ್ತಿದೆ, ನನಗೊಬ್ಬನಿಗೇ ಹೀಗೆ" ಅಂದುಕೊಂಡು ಸುಮ್ಮನಾಗುತ್ತಾರೆ. ಅವರು ಸುಮ್ಮನಿದ್ದದ್ದನ್ನು ನೋಡಿ ಪಕ್ಕದವನೂ ಅದನ್ನೇ ಅಂದುಕೊಳ್ಳುತ್ತಾನೆ. ಯಾರೂ ಮನಸಾರೆ ಒಪ್ಪದ ಒಂದು ವಿಷಯ ಎಲ್ಲರೂ ಒಪ್ಪಿದ ಹಾಗೆ ಕಾಣುವುದು ಹೀಗೆ. ಕ್ಲಾಸಿನ ಕೆಟ್ಟ ರೂಢಿಗಳಲ್ಲಿ ಬಹಳಷ್ಟು ನಿಂತಿರುವುದು ಈ ತಪ್ಪು ಲೆಕ್ಕದ ಮೇಲೆ.

ಒಬ್ಬಳು ಎದ್ದು "ಬಿಡ್ರೋ, ಸಾಕು" ಅಂದರೆ ಲೆಕ್ಕ ತಲೆಕೆಳಗಾಗುತ್ತದೆ. ತನಗೆ ಅನ್ನಿಸಿದ್ದೇ ಇನ್ನೊಬ್ಬರಿಗೂ ಅನ್ನಿಸಿದೆ ಅಂತ ಉಳಿದವರಿಗೆ ಆಗ ಗೊತ್ತಾಗುತ್ತದೆ.

ಇದು ಬರೀ ಊಹೆಯಲ್ಲ. ಕೆನಡಾದ ಟೊರೊಂಟೊದಲ್ಲಿ ಶಾಲೆಯ ಆಟದ ಮೈದಾನಗಳಲ್ಲಿ ಕ್ಯಾಮೆರಾ ಇಟ್ಟು, ಮಕ್ಕಳಿಗೆ ಮೈಕ್ ಹಾಕಿ, ಒಬ್ಬರು ಇನ್ನೊಬ್ಬರನ್ನು ಪೀಡಿಸುವ ಪ್ರಸಂಗಗಳನ್ನು ದಾಖಲಿಸಿದರು. 2001ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು. ಶೇಕಡ 88 ಪ್ರಸಂಗಗಳಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು. ನಡುವೆ ಬಂದದ್ದು ಶೇಕಡ 19ರಲ್ಲಿ ಮಾತ್ರ. ಹಾಗೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ, ಶೇಕಡ 57ರಷ್ಟು, 10 ಸೆಕೆಂಡಿನೊಳಗೆ ಪೀಡನೆ ನಿಂತಿತು. ಮೇಷ್ಟ್ರು ಸ್ಟಾಫ್ ರೂಮಿನಿಂದ ಎದ್ದು ಬರುವಷ್ಟರಲ್ಲಿ ಪಕ್ಕದ ಮಗುವಿನ ಒಂದು ಮಾತು ಆ ಕೆಲಸ ಮುಗಿಸಿರುತ್ತದೆ.

ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟೀನಾ ಸಾಲ್ಮಿವಲ್ಲಿ ಮತ್ತು ಅವರ ತಂಡ ರೂಪಿಸಿದ 'ಕಿವಾ' ಅನ್ನುವ ಕಾರ್ಯಕ್ರಮದ ಬುಡವೂ ಇದೇ. ಪೀಡಿಸುವವನನ್ನು ತಿದ್ದುವುದರ ಜೊತೆಗೆ ನೋಡುತ್ತಾ ನಿಂತವರನ್ನು ಬದಲಾಯಿಸುವುದಕ್ಕೆ ಅಲ್ಲಿ ಹೆಚ್ಚು ಒತ್ತು. ಪೀಡಿಸುವವನಿಗೆ ಬೇಕಾಗಿರುವುದೇ ನೋಡುವವರ ನಗು. ಅದು ಸಿಗದಿದ್ದರೆ ಅವನ ಉತ್ಸಾಹ ಅರ್ಧ ಇಳಿಯುತ್ತದೆ. 2009ರಿಂದ ಆ ದೇಶದ ಶಾಲೆಗಳಲ್ಲಿ ಇದು ವ್ಯಾಪಕವಾಗಿ ಜಾರಿಗೆ ಬಂತು.

ಎಲ್ಲ ಮಕ್ಕಳೂ ಬದಲಾಗಬೇಕಾ?

ಬೇಕಾಗಿಲ್ಲ. ಹಾಲು ಮೊಸರಾಗಲು ಒಂದು ಚಮಚ ಹೆಪ್ಪು ಸಾಕು, ಆದರೆ ಹಾಲು ಉಗುರುಬೆಚ್ಚಗಿರಬೇಕು. ಶಾಲೆಯೂ ಹೆಚ್ಚುಕಮ್ಮಿ ಹಾಗೇ.

ಅಮೆರಿಕದ ನ್ಯೂಜೆರ್ಸಿಯಲ್ಲಿ 2012-13ರಲ್ಲಿ 56 ಶಾಲೆಗಳಲ್ಲಿ ಎಲಿಜಬೆತ್ ಪಾಲುಕ್ ಮತ್ತು ಜೊತೆಯವರು ಒಂದು ಪ್ರಯೋಗ ನಡೆಸಿದರು. ಮೊದಲು ಮಕ್ಕಳನ್ನೇ ಕೇಳಿದರು, ನೀವು ಯಾರ ಜೊತೆ ಸಮಯ ಕಳೆಯುತ್ತೀರಿ ಅಂತ. ಅದರಿಂದ ಶಾಲೆಯಲ್ಲಿ ಯಾರಿಗೆ ನಂಟು ಜಾಸ್ತಿ ಅನ್ನುವ ನಕ್ಷೆ ಸಿಕ್ಕಿತು. ಆಮೇಲೆ ಚೀಟಿ ಎತ್ತಿದ ಹಾಗೆ ಅರ್ಧದಷ್ಟು ಶಾಲೆಗಳನ್ನು ಆರಿಸಿ, ಒಂದೊಂದರಲ್ಲೂ ಮಕ್ಕಳ ಒಂದು ಸಣ್ಣ ಗುಂಪು ಮಾಡಿದರು. ಜಗಳ, ರೇಗಿಸುವುದರ ವಿರುದ್ಧ ಏನು ಮಾಡಬೇಕು ಅಂತ ಆ ಮಕ್ಕಳೇ ಯೋಚಿಸಿ ಮಾಡಿದರು. ಪೋಸ್ಟರ್ ಅಂಟಿಸಿದರು, ಜೊತೆಯವರಿಗೆ ಸಹಾಯ ಮಾಡಿದವರನ್ನು ಕಂಡರೆ ಕೈಗೆ ಹಾಕಿಕೊಳ್ಳುವ ಪಟ್ಟಿ ಕೊಟ್ಟರು. ವರ್ಷದ ಕೊನೆಗೆ, ಮಕ್ಕಳ ಜಗಳಕ್ಕೆ ಸಂಬಂಧಿಸಿ ಶಾಲೆಯಲ್ಲಿ ದಾಖಲಾದ ಶಿಸ್ತಿನ ಪ್ರಕರಣಗಳು ಉಳಿದ ಶಾಲೆಗಳಿಗಿಂತ ಸುಮಾರು ಶೇಕಡ 30 ಕಡಿಮೆಯಾಗಿದ್ದವು.

ಆ ಗುಂಪಿನಲ್ಲಿ ಹೆಚ್ಚು ನಂಟಿರುವ ಮಕ್ಕಳು ಜಾಸ್ತಿ ಇದ್ದಲ್ಲೆಲ್ಲ ಫಲವೂ ಜಾಸ್ತಿ. ಈ ಮಕ್ಕಳು ಯಾರು ಅನ್ನುವುದು ಮುಖ್ಯ. ಮಾನಿಟರ್, ಫಸ್ಟ್ ರ‍್ಯಾಂಕ್ ಬರುವವರು, ಮೇಷ್ಟ್ರಿಗೆ ಪ್ರಿಯರಾದವರೇ ಆಗಿರಬೇಕಿಲ್ಲ. ಹಿಂದಿನ ಬೆಂಚಿನ ಹುಡುಗ, ಕಬಡ್ಡಿ ತಂಡದ ಹುಡುಗಿ, ಎಲ್ಲರನ್ನೂ ನಗಿಸುವವನು ಯಾರೂ ಆಗಿರಬಹುದು. ಅವರು ನೋಡಿದ ಕಡೆ ಉಳಿದವರು ನೋಡುತ್ತಾರೆ. ನಮ್ಮ ಶಾಲೆಗಳಲ್ಲಿ ಇಂಥ ಜವಾಬ್ದಾರಿ ಕೊಡುವಾಗ ಸಾಮಾನ್ಯವಾಗಿ ಶಾಂತವಾಗಿರುವ, ಮಾತು ಕೇಳುವ ಮಕ್ಕಳನ್ನೇ ಆರಿಸುತ್ತೇವೆ. ತುಂಟ ಅಂತ ಹೆಸರಾದವನಿಗೆ ಹೊಸ ಮಗುವಿನ ಕೈ ಹಿಡಿಸಿ ನೋಡಬೇಕು, ಕ್ಲಾಸು ಬೇಗ ಬದಲಾಗುವುದು ಅಲ್ಲಿಂದಲೇ.

ಬಿಸುಪು ಕೊಡುವವರು ದೊಡ್ಡವರು

ಮಕ್ಕಳು ನಮ್ಮ ಬಾಯಿಮಾತಿಗಿಂತ ನಮ್ಮ ನಡತೆಯನ್ನು ಕಲಿಯುತ್ತಾರೆ. "ಎಲ್ಲರನ್ನೂ ಪ್ರೀತಿಸಿ" ಅಂತ ಪ್ರಾರ್ಥನೆಯಲ್ಲಿ ಹೇಳಿ, ಕ್ಲಾಸಿನಲ್ಲಿ "ದಡ್ಡ, ನಿನ್ನ ಕೈಲಿ ಆಗಲ್ಲ ಕೂತ್ಕೋ" ಅಂದರೆ ಮಕ್ಕಳ ಮನಸ್ಸಿನಲ್ಲಿ ಉಳಿಯುವುದು ಎರಡನೆಯದು. ಆ ಹುಡುಗನನ್ನು ಹೀಯಾಳಿಸಲು ಇಡೀ ಕ್ಲಾಸಿಗೆ ಪರವಾನಗಿ ಸಿಕ್ಕ ಹಾಗೆ. ಮಕ್ಕಳಿಗೆ ಹೊಡೆಯುವುದನ್ನು ಮಾತ್ರವಲ್ಲ, ಮಾನಸಿಕ ಹಿಂಸೆ ಕೊಡುವುದನ್ನೂ ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ನಿಷೇಧಿಸಿದೆ ಅನ್ನುವುದು ಎಲ್ಲ ಪೋಷಕರಿಗೂ ಗೊತ್ತಿರಬೇಕು.

ಶಿಕ್ಷಕರ ಸಣ್ಣ ಬದಲಾವಣೆ ಎಷ್ಟು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಕ್ಯಾಲಿಫೋರ್ನಿಯಾದ 5 ಶಾಲೆಗಳ ಉದಾಹರಣೆ ಇದೆ. ಗಣಿತ ಶಿಕ್ಷಕರಿಗೆ ಆನ್‌ಲೈನಿನಲ್ಲಿ ಒಂದು ಚಿಕ್ಕ ಅಭ್ಯಾಸ ಕೊಟ್ಟರು. ಮಗು ತಪ್ಪು ಮಾಡಿದಾಗ ಶಿಕ್ಷೆಗಿಂತ ಮೊದಲು ಅದರ ಕಷ್ಟ ಏನು ಅಂತ ತಿಳಿದುಕೊಳ್ಳುವುದು, ಸಂಬಂಧ ಕೆಡದ ಹಾಗೆ ತಿದ್ದುವುದು ಹೇಗೆ ಅಂತ ಅವರು ಓದಿ, ತಮ್ಮ ಮಾತಿನಲ್ಲಿ ಬರೆದರು. ಆ ವರ್ಷ ಅವರ ವಿದ್ಯಾರ್ಥಿಗಳಲ್ಲಿ ಶಾಲೆಯಿಂದ ಅಮಾನತಾದವರು ಶೇಕಡ 4.8. ಬೇರೆ ವಿಷಯದ ಬಗ್ಗೆ ಅಭ್ಯಾಸ ಮಾಡಿದ ಶಿಕ್ಷಕರ ವಿದ್ಯಾರ್ಥಿಗಳಲ್ಲಿ ಅದು ಶೇಕಡ 9.6. 2016ರ ಅಧ್ಯಯನ ಇದು.

ನಮ್ಮಲ್ಲಿ ಇದನ್ನು ಹಾಜರಿಯಿಂದಲೇ ಶುರು ಮಾಡಬಹುದು. ಮೂರು ದಿನ ಬಾರದ ಹುಡುಗ ಬಂದ ಕೂಡಲೇ "ಎಲ್ಲಿ ಹಾಳಾಗಿ ಹೋಗಿದ್ದೆ?" ಅನ್ನುವುದಕ್ಕೂ "ಹುಷಾರಿದ್ದೀಯೇನೋ? ನೀನಿಲ್ಲದೆ ಗುಂಪಿನ ಕೆಲಸ ನಿಂತಿತ್ತು" ಅನ್ನುವುದಕ್ಕೂ ಹಿಡಿಯುವ ಸಮಯ ಒಂದೇ. ಮೊದಲನೆಯದಕ್ಕೆ ಅವನು ಸುಳ್ಳು ಹೇಳುತ್ತಾನೆ. ಎರಡನೆಯದಕ್ಕೆ ಕೆಲವು ಸಲ ನಿಜ ಹೊರಬರುತ್ತದೆ: ಅಮ್ಮನಿಗೆ ಜ್ವರ, ತಂಗಿಯನ್ನು ನೋಡಿಕೊಳ್ಳಬೇಕಿತ್ತು.

ಶಾಲೆ ಅಂದರೆ ಶಿಕ್ಷಕರಷ್ಟೇ ಅಲ್ಲ. ಬಿಸಿಯೂಟದ ಅಡುಗೆಯವರ ಕಣ್ಣಿಗೆ ಬೀಳುವುದು ಎಷ್ಟೋ ಸಲ ಮೇಷ್ಟ್ರ ಕಣ್ಣಿಗೆ ಬೀಳುವುದಿಲ್ಲ. ಸೋಮವಾರ ಮಾತ್ರ ಮೂರು ಸಲ ಹಾಕಿಸಿಕೊಳ್ಳುವ ಮಗು ಭಾನುವಾರ ಮನೆಯಲ್ಲಿ ಏನು ತಿಂದಿತ್ತು? ಒಂದು ಮಾತೂ ಆಡದೆ ಇನ್ನೊಂದು ಸೌಟು ಹಾಕುವ ಆ ಅಕ್ಕ ಶಾಲೆಯ ಬಹಳ ಮುಖ್ಯವಾದ ವ್ಯಕ್ತಿ. ಅವರನ್ನು ಮಕ್ಕಳು, ಶಿಕ್ಷಕರು ಹೇಗೆ ಮಾತಾಡಿಸುತ್ತಾರೆ ಅನ್ನುವುದು ಶಾಲೆಯ ರೂಢಿಯ ಕನ್ನಡಿ. ಊಟದ ಸಾಲಿನಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ, ಜಾತಿ ನೋಡಿ ಯಾರಾದರೂ ದೂರ ಸರಿಯುತ್ತಾರಾ ಅನ್ನುವುದನ್ನೂ ದೊಡ್ಡವರು ನೋಡುತ್ತಿರಬೇಕು. ಶಿಕ್ಷಕರು ಅದೇ ಸಾಲಿನಲ್ಲಿ ಮಕ್ಕಳ ನಡುವೆ ಕೂತು ಉಂಡರೆ ಹೇಳಬೇಕಾದದ್ದೆಲ್ಲ ಹೇಳಿದ ಹಾಗಾಯಿತು.

ಮನೆಯ ಪಾಲೂ ಇದೆ. "ಆ ಹುಡುಗನ ಜೊತೆ ಸೇರಬೇಡ" ಅಂತ ನಾವು ಕಾರಣ ಹೇಳದೆ ಅಂದದ್ದು ಮರುದಿನ ಬೆಂಚಿನ ಮೇಲೆ ಕಾಣುತ್ತದೆ. "ಎಷ್ಟು ಮಾರ್ಕ್ಸ್ ಬಂತು?" ಅಂತ ಕೇಳುವ ಬಾಯಲ್ಲೇ "ಇವತ್ತು ಯಾರಾದರೂ ಒಬ್ಬರೇ ಇದ್ದರಾ?" ಅಂತಲೂ ಕೇಳಬಹುದು. ದಿನಾ ಕೇಳಿದರೆ ಮಗು ಅದನ್ನು ನೋಡಲು ಶುರು ಮಾಡುತ್ತದೆ.

ಸ್ಟಾರ್ ಕೊಟ್ಟರೆ ಆಗಲ್ವಾ?

ಒಳ್ಳೆಯ ಕೆಲಸಕ್ಕೆ ಸ್ಟಾರ್, ಹತ್ತು ಸ್ಟಾರಿಗೆ ಪೆನ್ನು ಅಂತ ಮಾಡುವ ಆಸೆ ಬರುತ್ತದೆ. ಇಲ್ಲಿ ಸ್ವಲ್ಪ ಎಚ್ಚರ ಬೇಕು. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಫೀಲಿಕ್ಸ್ ವಾರ್ನೆಕನ್ ಮತ್ತು ಮೈಕಲ್ ಟೊಮಸೆಲ್ಲೊ 20 ತಿಂಗಳ ಕೂಸುಗಳ ಜೊತೆ ಒಂದು ಪ್ರಯೋಗ ಮಾಡಿದರು. ದೊಡ್ಡವರ ಕೈಯಿಂದ ಜಾರಿ ಬಿದ್ದ ವಸ್ತುವನ್ನು ಕೂಸು ಎತ್ತಿಕೊಟ್ಟರೆ ಕೆಲವರಿಗೆ ಆಟಿಕೆ ಬಹುಮಾನ, ಕೆಲವರಿಗೆ ಏನೂ ಇಲ್ಲ. ಆಮೇಲೆ ಬಹುಮಾನ ನಿಲ್ಲಿಸಿದಾಗ, ಮೊದಲು ಬಹುಮಾನ ಪಡೆದಿದ್ದ ಕೂಸುಗಳೇ ಕಡಿಮೆ ಸಹಾಯ ಮಾಡಿದವು. 2008ರ ಪ್ರಕಟಣೆ ಇದು. ಸಹಾಯ ಮಾಡುವ ಆಸೆ ಆ ಕೂಸುಗಳಲ್ಲಿ ಮೊದಲೇ ಇತ್ತು. ಬಹುಮಾನ ಅದನ್ನು ವ್ಯಾಪಾರವಾಗಿಸಿತು.

ಹಾಗಾದರೆ ನ್ಯೂಜೆರ್ಸಿಯ ಕೈಪಟ್ಟಿ? ಅದಕ್ಕೆ ಬೆಲೆಯೇನೂ ಇರಲಿಲ್ಲ, ಕೊಟ್ಟವರು ಜೊತೆಯ ಮಕ್ಕಳೇ. "ನೀನು ಮಾಡಿದ್ದನ್ನು ನಾನು ನೋಡಿದೆ" ಅನ್ನುವ ಸುದ್ದಿಯಷ್ಟೇ ಅದರಲ್ಲಿತ್ತು. ಶಿಕ್ಷಕರೂ ಹೀಗೇ ಮಾಡಬಹುದು. "ವೆರಿ ಗುಡ್" ಅಂತ ತೇಲಿಸುವ ಬದಲು "ಅವಳಿಗೆ ಜಾಗ ಕೊಟ್ಟೆಯಲ್ಲ, ನೋಡಿದೆ, ಅವಳಿಗೆ ಸಮಾಧಾನವಾಯಿತು" ಅಂತ ಮಾಡಿದ್ದನ್ನು ಹೆಸರಿಸಿ ಹೇಳಿದರೆ ಸಾಕು.

ಯಾವಾಗ ಇದು ಸಾಕಾಗುವುದಿಲ್ಲ

ಒಬ್ಬ ಮಗುವನ್ನು ಮತ್ತೆ ಮತ್ತೆ ಗುರಿ ಮಾಡಿ ಪೀಡಿಸುತ್ತಿದ್ದರೆ, ಹೊಡೆತ, ಬೆದರಿಕೆ, ಹಣ ಕೀಳುವುದು, ಮೈ ಮುಟ್ಟುವುದು, ಫೋನಿನಲ್ಲಿ ಫೋಟೊ ಹಂಚುವುದು ನಡೆಯುತ್ತಿದ್ದರೆ ಅದನ್ನು ಮಕ್ಕಳ ಒಳ್ಳೆಯತನಕ್ಕೆ ಬಿಡುವಂತಿಲ್ಲ. ಅದು ದೊಡ್ಡವರೇ ನಿಂತು ನಿಲ್ಲಿಸಬೇಕಾದ ಕೆಲಸ. ಅದಕ್ಕಿಂತ ಮುಖ್ಯವಾಗಿ, ನೊಂದ ಮಗುವಿಗೇ "ನೀನೇ ಹೊಂದಿಕೊಂಡು ಹೋಗು, ನೀನೇ ಸ್ನೇಹದಿಂದಿರು" ಅಂತ ಹೇಳಬಾರದು. ಹೊರೆ ಹೊತ್ತವನ ತಲೆ ಮೇಲೆ ಇನ್ನೊಂದು ಹೊರೆ ಇಟ್ಟ ಹಾಗೆ ಆಗುತ್ತದೆ.

ಮಗು ಇದ್ದಕ್ಕಿದ್ದಂತೆ ಶಾಲೆಗೆ ಹೋಗಲ್ಲ ಅನ್ನುವುದು, ಪ್ರತಿ ಸೋಮವಾರ ಹೊಟ್ಟೆನೋವು ಅನ್ನುವುದು, ಪೆನ್ನು ಪುಸ್ತಕ ಪದೇ ಪದೇ ಕಳೆದುಕೊಂಡು ಬರುವುದು ಕಂಡರೆ ಬೈಯುವ ಮೊದಲು ಕೂರಿಸಿಕೊಂಡು ಕೇಳಿ. ಏನಾಯಿತು, ಯಾವತ್ತು, ಯಾರಿದ್ದರು ಅಂತ ಬರೆದಿಟ್ಟುಕೊಳ್ಳಿ. ಮೊದಲು ತರಗತಿ ಶಿಕ್ಷಕರಿಗೆ, ಆಮೇಲೆ ಮುಖ್ಯೋಪಾಧ್ಯಾಯರಿಗೆ ತಿಳಿಸಿ. ಸರ್ಕಾರಿ ಶಾಲೆಯಾದರೆ ಪೋಷಕರೇ ಸದಸ್ಯರಾಗಿರುವ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಇದೆ, ಅಲ್ಲೂ ಹೇಳಬಹುದು. ಶಾಲೆಯಲ್ಲಿ ಯಾರೂ ಕಿವಿಗೊಡದಿದ್ದರೆ, ಅಥವಾ ಮಗುವಿಗೆ ಅಪಾಯವಿದೆ ಅನ್ನಿಸಿದರೆ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಕರೆ ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ದೊಡ್ಡವರೇ ಮಾಡಬೇಕೆಂದಿಲ್ಲ, ಮಗುವೂ ಮಾಡಬಹುದು.